ಹೊಸ ಔಷಧಿಗಿಂತ ಮೊದಲು, ಗೊತ್ತಿರೋ ಚಿಕಿತ್ಸೆ ಪೂರ್ತಿ ಸಿಗಲಿ

(ಸ್ತನ ಕ್ಯಾನ್ಸರ್ ಚಿಕಿತ್ಸೆಯ ಗುಣಮಟ್ಟ ಕುರಿತ ಈ ವಾರದ ಆರೋಗ್ಯ ಪಾಡ್‌ಕಾಸ್ಟ್‌ನ ಬರಹ ರೂಪ. ಮಾತನಾಡಿದವರು ಜಿಲ್ಲಾ ಕೇಂದ್ರವೊಂದರಲ್ಲಿ ಕೆಲಸ ಮಾಡುವ ಕ್ಯಾನ್ಸರ್ ಶಸ್ತ್ರಚಿಕಿತ್ಸಕಿ. ಓದಿನ ಅನುಕೂಲಕ್ಕಾಗಿ ಅಲ್ಲಲ್ಲಿ ತುಸು ತಿದ್ದಲಾಗಿದೆ.)



ಒಂದು ಪ್ಲಾಸ್ಟಿಕ್ ಕವರ್‌ನಿಂದ ಮಾತು ಶುರು ಮಾಡ್ತೀನಿ. ನಮ್ಮ ಒಪಿಡಿಗೆ ಬರೋ ಹೆಣ್ಣುಮಕ್ಕಳ ಕೈಯಲ್ಲಿ ಸಾಮಾನ್ಯವಾಗಿ ಬಟ್ಟೆ ಅಂಗಡಿಯದೊಂದು ಕವರ್ ಇರುತ್ತೆ. ಅದರೊಳಗೆ ಅವರ ಕಾಯಿಲೆಯ ಇಡೀ ಚರಿತ್ರೆ. ಕೆಲವು ವರ್ಷಗಳ ಹಿಂದೆ ನಲವತ್ತೈದರ ಆಸುಪಾಸಿನ ಒಬ್ಬ ತಾಯಿ ಅಂಥದ್ದೇ ಒಂದು ಕವರ್ ಹಿಡಿದು ಬಂದರು. ಎಂಟು ತಿಂಗಳ ಹಿಂದೆ ಎಲ್ಲೋ ಒಂದು ಕಡೆ ಎಡ ಎದೆಯ ಗಂಟು ತೆಗೆಸಿದ್ದಾರೆ. ಈಗ ಅದೇ ಹೊಲಿಗೆಯ ಕೆಳಗೆ ಇನ್ನೊಂದು ಗಂಟು ಬಂದಿದೆ, ಕಂಕುಳಲ್ಲೂ ಒಂದು ಸಿಗ್ತಿದೆ.

ಕವರ್ ತೆಗೆದು ನೋಡಿದೆ. ಡಿಸ್ಚಾರ್ಜ್ ಕಾಗದದಲ್ಲಿ ಇದ್ದದ್ದು ಒಂದೇ ಸಾಲು: ಗಂಟು ತೆಗೆಯಲಾಗಿದೆ. ಅದು ಎಷ್ಟು ದೊಡ್ಡದಿತ್ತು, ಅಂಚಿನವರೆಗೆ ಪೂರ್ತಿ ಬಂತಾ, ಕಂಕುಳ ಗ್ರಂಥಿ ನೋಡಿದ್ರಾ, ಯಾವುದೂ ಇಲ್ಲ. ಲ್ಯಾಬ್ ರಿಪೋರ್ಟೂ ಇಲ್ಲ. 'ತೆಗೆದ ಗಂಟು ಎಲ್ಲಮ್ಮಾ?' ಅಂತ ಕೇಳಿದೆ. 'ಡಬ್ಬೀಲಿ ಹಾಕಿ ಕೊಟ್ಟಿದ್ರು ಮೇಡಂ, ದೊಡ್ಡ ಊರಲ್ಲಿ ಟೆಸ್ಟ್ ಮಾಡಿಸಿ ಅಂದ್ರು. ಮನೇಲಿ ಇಟ್ಟಿದ್ವಿ. ಎರಡು ದಿನಕ್ಕೆ ವಾಸನೆ ಬಂತು. ಎಸೆದ್ವಿ' ಅಂದರು.

ಅವರಿಗೆ ಸಿಗದೇ ಹೋದದ್ದು ಯಾವುದೋ ವಿದೇಶಿ ಇಂಜೆಕ್ಷನ್ ಅಲ್ಲ. ಒಂದು ಡಬ್ಬಿ ಫಾರ್ಮಲಿನ್ ಮತ್ತು ಒಂದು ಕಾಗದ, ಅಷ್ಟೇ. ಇವತ್ತು ನಾನು ಮಾತಾಡಬೇಕು ಅಂತಿರೋದೂ ಇದರ ಬಗ್ಗೆಯೇ. ಸ್ತನ ಕ್ಯಾನ್ಸರ್ ಬಗ್ಗೆ ಸುದ್ದಿ ಬಂದರೆ ಎರಡೇ ವಿಷಯ ಇರುತ್ತೆ. ಒಂದು, ಬೇಗ ಪತ್ತೆ ಹಚ್ಚಿ. ಇನ್ನೊಂದು, ಹೊಸ ಔಷಧಿ ಬಂದಿದೆ. ಇವೆರಡರ ಮಧ್ಯೆ ಏನು ನಡೆಯುತ್ತೆ, ಅಂದ್ರೆ ಪತ್ತೆಯಾದ ಮೇಲೆ ಒಬ್ಬ ಸಾಮಾನ್ಯ ಹೆಣ್ಣುಮಗಳಿಗೆ ಸಾಮಾನ್ಯ ಆಸ್ಪತ್ರೆಯಲ್ಲಿ ಸಿಗೋ ಚಿಕಿತ್ಸೆ ಹೇಗಿರುತ್ತೆ, ಅನ್ನೋದನ್ನ ನಾವು ಅಷ್ಟಾಗಿ ಮಾತಾಡೋದಿಲ್ಲ.

ಅಂಕಿ ಏನು ಹೇಳುತ್ತೆ

ಮೊದಲು ಒಂದೆರಡು ಅಂಕಿ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ವರ್ಷ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು. ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು. 2018ರಲ್ಲಿ ಬಂದ ಒಂದು ದೊಡ್ಡ ಅಂತರರಾಷ್ಟ್ರೀಯ ಹೋಲಿಕೆಯಲ್ಲಿ, ಕಾಯಿಲೆ ಪತ್ತೆಯಾಗಿ ಐದು ವರ್ಷದ ನಂತರವೂ ಬದುಕಿರುವವರ ಪ್ರಮಾಣ ಅಮೆರಿಕದಲ್ಲಿ 90%, ಭಾರತದಲ್ಲಿ 66%.

ಈ ಅಂತರಕ್ಕೆ ಮುಖ್ಯ ಕಾರಣ ನಮ್ಮವರು ತಡವಾಗಿ ಬರೋದು, ಅದು ನಿಜ. ಆದರೆ ಎಲ್ಲ ತಪ್ಪನ್ನೂ 'ತಡವಾಗಿ ಬಂದ್ರು' ಅಂತ ರೋಗಿಯ ತಲೆಗೆ ಕಟ್ಟಿಬಿಡೋದು ನಮಗೆ ವೈದ್ಯರಿಗೆ ಬಹಳ ಅನುಕೂಲ. ಹೊತ್ತಿಗೆ ಸರಿಯಾಗಿ ಬಂದವರಿಗೂ ನಾವು ಎಲ್ಲವನ್ನೂ ಸರಿಯಾಗಿ ಕೊಟ್ಟೆವಾ? ಈ ಪ್ರಶ್ನೆ ಕೇಳಿಕೊಂಡರೆ ಉತ್ತರ ಅಷ್ಟು ಸುಲಭವಲ್ಲ.

ಸ್ತನ ಕ್ಯಾನ್ಸರ್ ಚಿಕಿತ್ಸೆ ಒಬ್ಬರ ಕೈಯ ಕೆಲಸ ಅಲ್ಲ. ಸೂಜಿ ಪರೀಕ್ಷೆ, ಲ್ಯಾಬ್, ಆಪರೇಷನ್, ಕೀಮೋ, ರೇಡಿಯೇಷನ್, ಆಮೇಲೆ ಐದು ವರ್ಷದ ಮಾತ್ರೆ. ರಿಲೇ ಓಟದ ಹಾಗೆ ಒಬ್ಬರಿಂದ ಒಬ್ಬರಿಗೆ ಕೋಲು ದಾಟಬೇಕು. ಓಡೋರು ಎಷ್ಟೇ ಜೋರಿದ್ದರೂ ಕೋಲು ಬೀಳೋದು ಕೈ ಬದಲಾಗುವಾಗಲೇ. ಹಾಗೆ ಬೀಳೋ ಜಾಗಗಳನ್ನ ಒಂದೊಂದಾಗಿ ಹೇಳ್ತೀನಿ.

ಚಾಕುವಿಗಿಂತ ಮೊದಲು ಸೂಜಿ

ಎದೆಯಲ್ಲಿ ಅನುಮಾನದ ಗಂಟು ಸಿಕ್ಕರೆ ಮೊದಲು ಮಾಡಬೇಕಾದ್ದು ಆಪರೇಷನ್ ಅಲ್ಲ. ಪರೀಕ್ಷೆ ಮಾಡಿ, ಮ್ಯಾಮೋಗ್ರಾಮ್ ಅಥವಾ ಸ್ಕ್ಯಾನ್ ಮಾಡಿಸಿ, ದಪ್ಪ ಸೂಜಿಯಿಂದ ಸಣ್ಣ ಚೂರು ತೆಗೆದು ಲ್ಯಾಬಿಗೆ ಕಳಿಸಬೇಕು. ಇದಕ್ಕೆ ಕೋರ್ ಬಯಾಪ್ಸಿ ಅಂತಾರೆ. ಜಾಗ ಮರಗಟ್ಟಿಸಿ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವ ಕೆಲಸ.

ಆದರೂ ನಮ್ಮಲ್ಲಿ 'ಮೊದಲು ತೆಗೆದುಬಿಡೋಣ, ಆಮೇಲೆ ನೋಡೋಣ' ಅನ್ನೋದು ಇನ್ನೂ ನಿಂತಿಲ್ಲ. ಅದಕ್ಕೆ ರೋಗಿಯ ಕಡೆಯ ಭಯವೂ ಸೇರಿಕೊಳ್ಳುತ್ತೆ. 'ಸೂಜಿ ಚುಚ್ಚಿದ್ರೆ ಹರಡುತ್ತಂತೆ ಡಾಕ್ಟ್ರೇ' ಅಂತ ವಾರಕ್ಕೊಬ್ಬರಾದರೂ ಕೇಳ್ತಾರೆ. ಸೂಜಿ ಪರೀಕ್ಷೆಯಿಂದ ಕ್ಯಾನ್ಸರ್ ಹರಡಿ ಆಯಸ್ಸು ಕಡಿಮೆಯಾಗುತ್ತೆ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. ತಿಳಿಯದೆ ಅರೆಬರೆ ಕತ್ತರಿಸೋದೇ ನಿಜವಾದ ಅಪಾಯ. ಮೊದಲೇ ಕ್ಯಾನ್ಸರ್ ಅಂತ ಗೊತ್ತಿದ್ದರೆ ಎಷ್ಟು ಅಂಚು ಬಿಟ್ಟು ತೆಗೀಬೇಕು, ಕಂಕುಳಿಗೆ ಏನು ಮಾಡಬೇಕು, ಕೀಮೋ ಮೊದಲು ಕೊಡಬೇಕಾ, ಎಲ್ಲ ಯೋಚನೆ ಮಾಡಬಹುದು. ಗೊತ್ತಿಲ್ಲದೆ ಕೈ ಹಾಕಿದರೆ ಎರಡನೇ ಆಪರೇಷನ್ ಗ್ಯಾರಂಟಿ, ಮತ್ತು ಮೊದಲಿನ ಮಾಹಿತಿ ಕಳೆದುಹೋಗಿರುತ್ತೆ.

ಒಂದು ಡಬ್ಬಿ ಫಾರ್ಮಲಿನ್

ಎರಡನೇ ಜಾಗ ಲ್ಯಾಬ್. ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ಇದು ಯಾರ ಕಣ್ಣಿಗೂ ಬೀಳದ ಜಾಗ.

ಸ್ತನ ಕ್ಯಾನ್ಸರ್ ಒಂದೇ ಕಾಯಿಲೆ ಅಲ್ಲ. ಆ ಕಣಗಳ ಮೇಲೆ ಈಸ್ಟ್ರೋಜನ್ ರಿಸೆಪ್ಟರ್, ಪ್ರೊಜೆಸ್ಟರಾನ್ ರಿಸೆಪ್ಟರ್, ಹರ್-2 ಅನ್ನೋ ಮೂರು ಗುರುತು ಇದೆಯಾ ಇಲ್ಲವಾ ಅಂತ ನೋಡ್ತಾರೆ. ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್-2 ಅಂತ ಬರೆದಿರುತ್ತೆ. ಮುಂದಿನ ಇಡೀ ದಾರಿಯನ್ನ ತೀರ್ಮಾನ ಮಾಡೋದು ಈ ಮೂರು ಪದ. ಇಆರ್ ಪಾಸಿಟಿವ್ ಆದರೆ ಹಾರ್ಮೋನ್ ತಡೆಯುವ ಮಾತ್ರೆ. ಹರ್-2 ಪಾಸಿಟಿವ್ ಆದರೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್. ರಿಪೋರ್ಟಿನಲ್ಲಿ ತಪ್ಪಾಗಿ ನೆಗೆಟಿವ್ ಅಂತ ಬಂದರೆ, ಸಿಗಬೇಕಾದ ಔಷಧಿ ಆಕೆಗೆ ಯಾವತ್ತೂ ಸಿಗೋದಿಲ್ಲ. ಅದು ಸಿಗಲಿಲ್ಲ ಅಂತ ಯಾರಿಗೂ ಗೊತ್ತೂ ಆಗೋದಿಲ್ಲ.

ಈ ಪರೀಕ್ಷೆ ಸರಿ ಬರಬೇಕಾದರೆ ದೇಹದಿಂದ ಹೊರಬಂದ ಒಂದು ಗಂಟೆಯೊಳಗೆ ಅಂಗಾಂಶ ಫಾರ್ಮಲಿನ್‌ಗೆ ಬೀಳಬೇಕು. ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು. ಫಾರ್ಮಲಿನ್ ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಒಳಗೆ ಇಳಿಯುತ್ತೆ. ಹಾಗಾಗಿ ಇಡೀ ಸ್ತನವನ್ನ ಹಾಗೇ ಸಣ್ಣ ಡಬ್ಬಿಗೆ ತುರುಕಿದರೆ ಹೊರಗೆ ಗಟ್ಟಿಯಾಗುತ್ತೆ, ಮಧ್ಯದ ಗಂಟು ಒಳಗೊಳಗೇ ಹಾಳಾಗ್ತಾ ಇರುತ್ತೆ. ಅದನ್ನ ಸೀಳಿ ಹಾಕಬೇಕು, ಧಾರಾಳವಾಗಿ ದ್ರವ ಹುಯ್ಯಬೇಕು. ಶನಿವಾರ ಮಧ್ಯಾಹ್ನ ಆಪರೇಷನ್ ಆಗಿ, ಸೋಮವಾರ ಲ್ಯಾಬ್ ತೆರೆದಾಗ ಯಾರೋ ಆ ಡಬ್ಬಿ ತೆಗೆದರೆ, ಆ ರಿಪೋರ್ಟಿನ ಮೇಲೆ ಎಷ್ಟು ನಂಬಿಕೆ ಇಡಬೇಕು ಅಂತ ನೀವೇ ಯೋಚನೆ ಮಾಡಿ.

ಇದು ಬಡ ದೇಶದ ಸಮಸ್ಯೆ ಅಂದುಕೋಬೇಡಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯದಲ್ಲಿ ನಡೆದದ್ದನ್ನ ನಾನು ಕಿರಿಯ ವೈದ್ಯರಿಗೆ ಪ್ರತಿ ವರ್ಷ ಹೇಳ್ತೀನಿ. ಅಲ್ಲಿನ ಸೇಂಟ್ ಜಾನ್ಸ್ ನಗರದ ಲ್ಯಾಬಿನಲ್ಲಿ ಒಬ್ಬ ಮಹಿಳೆಯ ಹಳೆಯ ಸ್ಯಾಂಪಲ್ ಇಆರ್ ನೆಗೆಟಿವ್ ಅಂತ ಬಂದಿತ್ತು. 2005ರಲ್ಲಿ ಅದನ್ನೇ ಮತ್ತೆ ಪರೀಕ್ಷೆ ಮಾಡಿದಾಗ ಪಾಸಿಟಿವ್ ಬಂತು. ಅನುಮಾನ ಬಂದು ಬೇರೆಯವರದ್ದನ್ನೂ ನೋಡಿದರು, ಟೊರಾಂಟೊದ ಆಸ್ಪತ್ರೆಗೆ ಕಳಿಸಿ ಮರುಪರೀಕ್ಷೆ ಮಾಡಿಸಿದರು. 1997ರಿಂದ 2005ರವರೆಗೆ ಸುಮಾರು 400 ಮಹಿಳೆಯರಿಗೆ ತಪ್ಪು ಫಲಿತಾಂಶ ಹೋಗಿತ್ತು. ಟಾಮಾಕ್ಸಿಫೆನ್ ಸಿಗಬೇಕಾಗಿದ್ದ ಎಷ್ಟೋ ಮಂದಿಗೆ ಅದು ಸಿಕ್ಕಿರಲೇ ಇಲ್ಲ. ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು.

ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರೂನ್ ಅವರ ವಿಚಾರಣಾ ಆಯೋಗ 2009ರಲ್ಲಿ ವರದಿ ಕೊಟ್ಟಿತು. ಅದರಲ್ಲಿ ಯಾರೋ ಒಬ್ಬ ಖಳನಾಯಕ ಸಿಗಲಿಲ್ಲ. ಸಿಕ್ಕಿದ್ದು ಇಷ್ಟು: ಅಂಗಾಂಶ ಸಂರಕ್ಷಣೆಯಲ್ಲಿ ಒಂದೇ ಪದ್ಧತಿ ಇರಲಿಲ್ಲ, ಗುಣಮಟ್ಟದ ತಪಾಸಣೆ ಸರಿಯಾಗಿ ಇರಲಿಲ್ಲ, ಇದು ನನ್ನ ಜವಾಬ್ದಾರಿ ಅಂತ ಹೇಳೋರು ಇರಲಿಲ್ಲ. ಹೆಚ್ಚೂಕಡಿಮೆ ಎಂಟು ವರ್ಷ ಎಲ್ಲರೂ ತಂತಮ್ಮ ಕೆಲಸ ಮಾಡ್ತಾನೇ ಇದ್ದರು.

ತಪ್ಪು ಹಿಡಿಯೋಕೆ ಒಂದು ಸರಳ ಉಪಾಯ ಪ್ರತಿ ಸ್ಲೈಡಿನಲ್ಲೂ ಇದೆ. ಕ್ಯಾನ್ಸರ್ ಪಕ್ಕದಲ್ಲಿ ಆರೋಗ್ಯವಾಗಿರೋ ಹಾಲಿನ ನಾಳಗಳೂ ಸಾಮಾನ್ಯವಾಗಿ ಇರುತ್ತವೆ. ಅವು ಇಆರ್ ಬಣ್ಣ ಹಿಡಿಯಲೇಬೇಕು. ಅವೇ ಬಣ್ಣ ಹಿಡಿಯದಿದ್ದರೆ ಕ್ಯಾನ್ಸರ್ ನೆಗೆಟಿವ್ ಅಂತ ಅರ್ಥ ಅಲ್ಲ, ಪರೀಕ್ಷೆ ಕೆಟ್ಟಿದೆ ಅಂತ ಅರ್ಥ. ಒಳ್ಳೆಯ ಪೆಥಾಲಜಿಸ್ಟ್ ಇದನ್ನ ನೋಡಿಯೇ ಸಹಿ ಹಾಕ್ತಾರೆ.

ಹರ್-2 ವಿಷಯದಲ್ಲಿ ಇನ್ನೊಂದು ಎಡವಟ್ಟು. ರಿಪೋರ್ಟಿನಲ್ಲಿ 0 ಅಥವಾ 1+ ಅಂದರೆ ನೆಗೆಟಿವ್, 3+ ಅಂದರೆ ಪಾಸಿಟಿವ್. 2+ ಅಂದರೆ ಗೊತ್ತಾಗ್ತಿಲ್ಲ ಅಂತ. ಆಗ ಫಿಶ್ ಅನ್ನೋ ಇನ್ನೊಂದು ಪರೀಕ್ಷೆ ಮಾಡಿಸಲೇಬೇಕು. ಅದಕ್ಕೆ ಖರ್ಚಿದೆ, ದೊಡ್ಡ ಊರಿಗೆ ಕಳಿಸಬೇಕು. ಹಾಗಾಗಿ 2+ ಅಂತ ಬರೆದಿರೋ ಕಾಗದ ಕವರ್‌ನಲ್ಲಿ ಹಾಗೇ ಕೂತಿರುತ್ತೆ. ಅನುಮಾನವನ್ನೇ ಉತ್ತರ ಅಂತ ತಿಳಿದು ಮುಂದೆ ಹೋಗಿಬಿಡ್ತೀವಿ.

ಸ್ತನ ಉಳಿಸೋದು ಸಾಧ್ಯ, ಆದರೆ

ಮೂರನೇ ಜಾಗ ನನ್ನದೇ, ಆಪರೇಷನ್ ಥಿಯೇಟರ್. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್, ಇಟಲಿಯಲ್ಲಿ ಉಂಬರ್ಟೊ ವೆರೊನೇಸಿ, ಇಬ್ಬರ ತಂಡಗಳೂ 2002ರಲ್ಲಿ ತಮ್ಮ ಪ್ರಯೋಗಗಳ 20 ವರ್ಷದ ಫಲಿತಾಂಶ ಕೊಟ್ಟವು. ಆರಂಭದ ಹಂತದಲ್ಲಿ ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೂ, ಇಡೀ ಸ್ತನ ತೆಗೆದರೂ, ಆಯಸ್ಸಿನಲ್ಲಿ ವ್ಯತ್ಯಾಸ ಇಲ್ಲ. ಎರಡು ದಶಕದ ಹಿಂದೆಯೇ ಮುಗಿದ ಚರ್ಚೆ ಇದು.

ಹಾಗಿದ್ರೂ ನಮ್ಮಲ್ಲಿ ಅಷ್ಟೊಂದು ಮಂದಿಗೆ ಯಾಕೆ ಪೂರ್ತಿ ಸ್ತನ ತೆಗೀತೀವಿ? ಕೆಲವರಿಗೆ ಅದು ಬೇಕೇ ಬೇಕು, ಗಂಟು ದೊಡ್ಡದಿರುತ್ತೆ. ಆದರೆ ಎಷ್ಟೋ ಸಲ ಕಾರಣ ವೈದ್ಯಕೀಯ ಅಲ್ಲ, ರೇಡಿಯೇಷನ್ ಯಂತ್ರ ಇರೋ ಊರು ದೂರ. ಸ್ತನ ಉಳಿಸಿದರೆ ರೇಡಿಯೇಷನ್ ಸಾಮಾನ್ಯವಾಗಿ ತಪ್ಪಿಸೋ ಹಾಗಿಲ್ಲ. ಅದು ಹತ್ತು ವರ್ಷದಲ್ಲಿ ಕಾಯಿಲೆ ಮರುಕಳಿಸುವುದನ್ನ 35%ರಿಂದ 19%ಕ್ಕೆ ಇಳಿಸುತ್ತೆ ಅಂತ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದ 2011ರ ವಿಶ್ಲೇಷಣೆ ಹೇಳಿದೆ. ಕಂಕುಳಿಗೆ ಹರಡಿದ್ದರೆ ಪೂರ್ತಿ ಸ್ತನ ತೆಗೆದವರಿಗೂ ಹೆಚ್ಚಾಗಿ ರೇಡಿಯೇಷನ್ ಬೇಕಾಗುತ್ತೆ. 'ಎಲ್ಲಾ ತೆಗೆದಾಯ್ತಲ್ಲ, ಇನ್ಯಾಕೆ' ಅಂತ ಅಲ್ಲಿಗೇ ನಿಲ್ಲಿಸಿಬಿಡೋರು ಇದ್ದಾರೆ.

ಇಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಮೊದಲು ಐದು ವಾರ, 25 ಸಲ ಕೊಡ್ತಿದ್ದ ರೇಡಿಯೇಷನ್ನನ್ನ ಈಗ ಬಹಳಷ್ಟು ಮಂದಿಗೆ ಮೂರು ವಾರ, 15 ಸಲದಲ್ಲಿ ಮುಗಿಸಬಹುದು. ಬ್ರಿಟನ್ನಿನ ಪ್ರಯೋಗಗಳು ಇದು ಸುರಕ್ಷಿತ ಅಂತ ತೋರಿಸಿವೆ. ಕೂಲಿ ಮಾಡೋ ಮನೆಗೆ ಎರಡು ವಾರ ಉಳಿಯೋದು ಸಣ್ಣ ಮಾತಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಉಳೀತು. ಆದರೆ ದೊಡ್ಡ ಊರಲ್ಲಿ ಉಳಿದುಕೊಳ್ಳೋಕೆ ಜಾಗ, ಜೊತೆಗೆ ಬಂದವರ ಕೂಲಿ, ಊರಲ್ಲಿ ಹಸು ಕರು ನೋಡೋರು ಯಾರು? ಚಿಕಿತ್ಸೆಯ ಗುಣಮಟ್ಟ ಅಂದ್ರೆ ಇವೂ ಸೇರುತ್ತವೆ.

ಅರ್ಧ ಡೋಸ್ ಅಂದ್ರೆ ಅರ್ಧ ಲಾಭ ಅಲ್ಲ

ನಾಲ್ಕನೆಯದು ಕೀಮೋ. ಮಿಲಾನ್‌ನ ಬೊನಡೋನಾ ಅವರ ತಂಡ ಸ್ತನ ಕ್ಯಾನ್ಸರಿಗೆ ಆಪರೇಷನ್ ನಂತರ ಕೀಮೋ ಕೊಡುವುದನ್ನ ಶುರು ಮಾಡಿದ ಮೊದಲಿಗರಲ್ಲಿ ಸೇರಿದೆ. 1995ರಲ್ಲಿ ಅವರು ತಮ್ಮ 20 ವರ್ಷದ ಅನುಭವ ಹಿಂದಿರುಗಿ ನೋಡಿದರು. ನಿಗದಿ ಮಾಡಿದ ಡೋಸ್‌ನಲ್ಲಿ 85%ಕ್ಕಿಂತ ಹೆಚ್ಚು ಪಡೆದವರಿಗೆ ಸ್ಪಷ್ಟ ಲಾಭ ಆಗಿತ್ತು. 65%ಕ್ಕಿಂತ ಕಡಿಮೆ ಪಡೆದವರ ಗತಿ ಕೀಮೋ ತಗೊಳ್ಳದವರಂತೆಯೇ ಇತ್ತು. ಅಂದ್ರೆ ಕೂದಲು ಉದುರಿತು, ವಾಂತಿ ಆಯ್ತು, ದುಡ್ಡು ಹೋಯ್ತು, ಲಾಭ ಮಾತ್ರ ಸಿಗಲಿಲ್ಲ.

ಡೋಸ್ ಹೇಗೆ ಕಡಿಮೆ ಆಗುತ್ತೆ? ಯಾರೂ ಬೇಕಂತ ಮಾಡೋದಿಲ್ಲ. ರಕ್ತಕಣ ಇಳಿದಿದೆ, ಒಂದು ವಾರ ಮುಂದೂಡಿ. ಆಮೇಲೆ ಹಬ್ಬ ಬಂತು, ಕೊಯ್ಲು ಬಂತು, ಇನ್ನೊಂದು ವಾರ. 'ಸುಸ್ತು ಜಾಸ್ತಿ, ಸ್ವಲ್ಪ ಕಮ್ಮಿ ಮಾಡಿ ಡಾಕ್ಟ್ರೇ' ಅಂದಾಗ ಕರುಣೆಯಿಂದ ಕಮ್ಮಿ ಮಾಡ್ತೀವಿ. ರೋಗಿಯ ಎತ್ತರ ತೂಕ ಅಳೆದು ಡೋಸ್ ಲೆಕ್ಕ ಹಾಕಬೇಕು, ಆದರೆ ರಶ್ ಇರೋ ದಿನ ಹೋದ ತಿಂಗಳ ತೂಕವನ್ನೇ ಬರೆದುಬಿಡ್ತೀವಿ. ನಾಲ್ಕನೇ ಕೀಮೋ ಆದಮೇಲೆ ಯಾರೋ ನಾಟಿ ಔಷಧಿ ಹೇಳ್ತಾರೆ, ಐದನೆಯದಕ್ಕೆ ಬರೋದೇ ಇಲ್ಲ. ಹೀಗೆ ಸ್ವಲ್ಪ ಸ್ವಲ್ಪ ಸೋರಿಹೋಗುತ್ತೆ. ಬಾರದವರಿಗೆ ಮಾರನೇ ದಿನ ಒಂದು ಫೋನ್ ಮಾಡೋಕೆ ಒಬ್ಬರನ್ನ ಇಟ್ಟರೆ ಸೋರಿಕೆ ಎಷ್ಟೋ ಕಡಿಮೆಯಾಗುತ್ತೆ. ಒಂದು ಸಂಬಳ, ಒಂದು ಫೋನ್.

ಹರ್-2 ಪಾಸಿಟಿವ್ ಇರೋರಿಗೆ ಟ್ರಾಸ್ಟುಜುಮ್ಯಾಬ್ ಬಗ್ಗೆ ಎರಡು ಮಾತು. ಆರಂಭದ ಹಂತದಲ್ಲೂ ಇದು ಕಾಯಿಲೆ ಮರುಕಳಿಸುವುದನ್ನ ಅರ್ಧದಷ್ಟು ತಗ್ಗಿಸುತ್ತೆ ಅಂತ 2005ರಲ್ಲಿ ಗೊತ್ತಾಯ್ತು. ಆಗ ಅದರ ಬೆಲೆ ಕೇಳಿ ನಾವು ರೋಗಿಗೆ ಹೇಳೋಕೇ ಹಿಂಜರೀತಿದ್ವಿ. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದರ ಬಯೋಸಿಮಿಲರ್ ತಂದಿತು. ಮೈಲಾನ್ ಜೊತೆ ಸೇರಿ ತಯಾರಿಸಿದ ಅದೇ ಔಷಧಿಗೆ 2017ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ತು, ಆ ಬಗೆಯಲ್ಲಿ ಅಲ್ಲಿ ಮೊದಲನೆಯದು. ಬೆಲೆ ಇಳಿಯಿತು, ಸರಕಾರಿ ಯೋಜನೆಯಲ್ಲಿ ಕೊಡೋದು ಸಾಧ್ಯ ಆಯ್ತು. ಆದರೆ ಮೊದಲು ಹೇಳಿದೆನಲ್ಲ, 2+ ರಿಪೋರ್ಟಿನ ಮುಂದೆ ಫಿಶ್ ಆಗದಿದ್ದರೆ ಈ ಔಷಧಿ ನಮ್ಮೂರಲ್ಲೇ ತಯಾರಾದರೂ ಆಕೆಗೆ ಸಿಗೋದಿಲ್ಲ.

ನಾನು ಹೇಳದೇ ಹೋದದ್ದು

ಈಗ ನನ್ನದೇ ಒಂದು ತಪ್ಪು ಹೇಳ್ಕೋತೀನಿ. ಇಷ್ಟು ಹೊತ್ತು ಬೇರೆಯವರದ್ದು ಹೇಳಿದೆ, ನ್ಯಾಯವಾಗಿ ನನ್ನದೂ ಹೇಳಬೇಕು.

ಶಾಲಾ ಅಡುಗೆ ಕೆಲಸ ಮಾಡ್ತಿದ್ದ ಒಬ್ಬರಿಗೆ ನಾನೇ ಆಪರೇಷನ್ ಮಾಡಿದ್ದೆ. ಚೆನ್ನಾಗಿ ಆಯ್ತು. ಕೀಮೋ, ರೇಡಿಯೇಷನ್ ಎಲ್ಲ ತಪ್ಪದೆ ಮುಗಿಸಿದರು. ಇಆರ್ ಪಾಸಿಟಿವ್. ಟಾಮಾಕ್ಸಿಫೆನ್ ಬರೆದುಕೊಟ್ಟೆ. ದಿನಕ್ಕೆ ಒಂದೇ ಮಾತ್ರೆ, ಅಗ್ಗದ ಮಾತ್ರೆ. ಐದು ವರ್ಷ ತಗೊಂಡರೆ ಹದಿನೈದು ವರ್ಷದಲ್ಲಿ ಈ ಕ್ಯಾನ್ಸರಿನಿಂದ ಆಗೋ ಸಾವನ್ನ ಮೂರನೇ ಒಂದು ಭಾಗ ಕಡಿಮೆ ಮಾಡುವಂಥದ್ದು. ಸ್ತನ ಕ್ಯಾನ್ಸರಿನಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಕೊಡೋದು ಬೇರೆ ಇಲ್ಲ ಅಂತಲೇ ಹೇಳಬೇಕು.

ಮೂರು ವರ್ಷದ ನಂತರ ಬೆನ್ನುನೋವು ಅಂತ ಬಂದರು. ಸ್ಕ್ಯಾನ್‌ನಲ್ಲಿ ಮೂಳೆಗೆ ಹರಡಿತ್ತು. 'ಮಾತ್ರೆ ತಗೋತಿದ್ರಾ?' ಅಂದೆ. 'ಕೊಟ್ಟಿದ್ದು ಮುಗೀತು ಮೇಡಂ. ಮೂರು ತಿಂಗಳಿಗೆ ಬರೆದಿದ್ರಿ. ಕೋರ್ಸ್ ಮುಗೀತು ಅಂತ ಅಂದ್ಕೊಂಡೆ. ಮೈಯೆಲ್ಲ ಬಿಸಿ ಆಗ್ತಿತ್ತು, ನಿಂತಿದ್ದು ಒಳ್ಳೇದೇ ಆಯ್ತು ಅನ್ಕೊಂಡೆ' ಅಂದರು.

ಚೀಟಿಯಲ್ಲಿ ಮೂರು ತಿಂಗಳಿಗೆ ಬರೆದವಳು ನಾನು. ಐದು ವರ್ಷ ಅಂತ ಬಾಯಲ್ಲಿ ಹೇಳಿದೆನಾ? ಹೇಳಿರಬಹುದು, ನೆನಪಿಲ್ಲ. ಆಕೆ ಬಾರದೇ ಇದ್ದದ್ದನ್ನ ನಮ್ಮಲ್ಲಿ ಯಾರೂ ಗಮನಿಸಲಿಲ್ಲ. ಮಾತ್ರೆ ತಗೊಂಡಿದ್ದರೆ ಉಳಿದೇ ಬಿಡ್ತಿದ್ದರು ಅಂತ ಹೇಳೋಕೆ ಆಗಲ್ಲ. ಆದರೆ ಆ ಅವಕಾಶ ನನ್ನ ಒಂದು ವಾಕ್ಯದ ಸೋಮಾರಿತನದಲ್ಲಿ ಹೋಯ್ತು. ಆಕೆ ಈಗ ಇಲ್ಲ.

ಇದು ಒಬ್ಬರ ಕಥೆ ಅಲ್ಲ. ಅಮೆರಿಕದಲ್ಲೇ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನ ನೋಡಿದಾಗ, ಇಂಥ ಮಾತ್ರೆಯನ್ನ ಪೂರ್ತಿ ಅವಧಿಗೆ ಸರಿಯಾಗಿ ತಗೊಂಡವರು ಅರ್ಧದಷ್ಟು ಮಾತ್ರ. ಅವತ್ತಿನಿಂದ ನಾನು ಚೀಟಿಯ ಮೇಲೆ ಕೆಂಪಿನಲ್ಲಿ ಶುರುವಾದ ತಾರೀಕು, ಮುಗಿಯೋ ತಾರೀಕು ಎರಡೂ ಬರೀತೀನಿ. ಮೈ ಬಿಸಿಯಾಗುತ್ತೆ, ಮುಟ್ಟು ಏರುಪೇರಾಗುತ್ತೆ, ಮುಟ್ಟು ನಿಂತವರಿಗೆ ಕೊಡೋ ಲೆಟ್ರೊಜೋಲ್‌ನಿಂದ ಕೀಲು ನೋಯುತ್ತೆ, ಆದರೆ ನನ್ನನ್ನ ಕೇಳದೆ ನಿಲ್ಲಿಸಬೇಡಿ ಅಂತ ಮನೆಯವರ ಎದುರಿಗೇ ಹೇಳ್ತೀನಿ.

ಒಂದು ಮೇಜು, ನಾಲ್ಕು ಕುರ್ಚಿ

ಹಾಗಾದ್ರೆ ಪರಿಹಾರ ಏನು? ಎಲ್ಲರನ್ನೂ ಬೆಂಗಳೂರಿಗೋ ಮುಂಬೈಗೋ ಕಳಿಸೋದಾ? ಅದು ಆಗದ ಮಾತು. ಕಿದ್ವಾಯಿ ಆಸ್ಪತ್ರೆಯ ಕಾರಿಡಾರಿನಲ್ಲಿ ಒಂದು ಬೆಳಗ್ಗೆ ನಿಂತವರಿಗೆ ಇದು ಗೊತ್ತು.

ಸ್ಕಾಟ್ಲೆಂಡಿನ ಗ್ಲಾಸ್ಗೋದ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತೆ. 1995ಕ್ಕೆ ಮೊದಲು ಅಲ್ಲಿ ಸ್ತನ ಕ್ಯಾನ್ಸರಿನಿಂದ ಆಗುವ ಸಾವು ಸುತ್ತಲಿನ ಪ್ರದೇಶಗಳಿಗಿಂತ 11% ಹೆಚ್ಚಿತ್ತು. 1995ರಲ್ಲಿ ಅವರು ಒಂದು ಬದಲಾವಣೆ ತಂದರು. ಸರ್ಜನ್, ಪೆಥಾಲಜಿಸ್ಟ್, ರೇಡಿಯಾಲಜಿಸ್ಟ್, ಕ್ಯಾನ್ಸರ್ ತಜ್ಞರು ಎಲ್ಲರೂ ಒಂದೇ ಕಡೆ ಕೂತು, ಒಬ್ಬೊಬ್ಬ ರೋಗಿಯ ಬಗ್ಗೆ ಒಟ್ಟಿಗೆ ಮಾತಾಡಿ, ಒಂದೇ ಮಾರ್ಗಸೂಚಿಯ ಪ್ರಕಾರ ತೀರ್ಮಾನ ಮಾಡೋದು. ಆಮೇಲೆ ಅದೇ ಪ್ರದೇಶದ ಸಾವಿನ ಪ್ರಮಾಣ ಸುತ್ತಲಿನವರಿಗಿಂತ 18% ಕಡಿಮೆ ಆಯ್ತು. 13 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ನೋಡಿ 2012ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಬೇರೆ ಕಾರಣಗಳೂ ಸ್ವಲ್ಪ ಇರಬಹುದು. ಆದರೆ ಹೊಸ ಔಷಧಿಯೊಂದು ಇಷ್ಟು ಮಾಡಿದ್ದರೆ ಮುಖಪುಟದಲ್ಲಿ ಬರ್ತಿತ್ತು.

ನಮ್ಮಲ್ಲೂ ದಾರಿ ಇದೆ. ಟಾಟಾ ಮೆಮೋರಿಯಲ್ ಸೆಂಟರ್ ಮುಂದಾಳತ್ವದಲ್ಲಿ 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನಲ್ಲಿ ಈಗ ದೇಶದ ನೂರಾರು ಆಸ್ಪತ್ರೆಗಳಿವೆ. ಅದರ ಮಾರ್ಗಸೂಚಿಯಲ್ಲಿ ಯಾವುದು ಕಡ್ಡಾಯ, ಯಾವುದು ಅನುಕೂಲ ಇದ್ದರೆ ಮಾಡಬಹುದು ಅಂತ ಬಿಡಿಸಿ ಬರೆದಿದ್ದಾರೆ. ಕಷ್ಟದ ಕೇಸ್‌ಗಳನ್ನ ಆನ್‌ಲೈನ್‌ನಲ್ಲಿ ತಜ್ಞರ ಮುಂದೆ ಇಡೋ ವ್ಯವಸ್ಥೆ ಇದೆ. ನಮ್ಮ ಆಸ್ಪತ್ರೆಯಲ್ಲಿ ನಾವು ನಾಲ್ಕು ಜನ ವಾರಕ್ಕೊಮ್ಮೆ ಒಂದು ಗಂಟೆ ಕೂರ್ತೀವಿ. ಪೆಥಾಲಜಿಸ್ಟ್ ಬೇರೆ ಊರಿನವರು, ವಿಡಿಯೋದಲ್ಲಿ ಬರ್ತಾರೆ. 'ಈ ಸ್ಯಾಂಪಲ್ ಸರಿಯಾಗಿ ಫಿಕ್ಸ್ ಆಗಿಲ್ಲ, ಇನ್ನೊಂದು ಬ್ಲಾಕ್ ಕಳಿಸಿ' ಅಂತ ಅವರು ನನ್ನ ಮುಖಕ್ಕೇ ಹೇಳಿದ್ದಾರೆ. ಬೇಜಾರಾಯ್ತು. ಆದರೆ ಆ ರೋಗಿಯ ರಿಪೋರ್ಟ್ ಬದಲಾಯ್ತು.

ಇನ್ನೊಂದು ಕೆಲಸ ಎಣಿಸೋದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶುರು ಮಾಡಿದ ಸ್ತನ ಕ್ಯಾನ್ಸರ್ ಕಾರ್ಯಕ್ರಮದಲ್ಲಿ ಮೂರು ಗುರಿ ಇದೆ, ನೆನಪಿಟ್ಟುಕೊಳ್ಳೋಕೆ ಸುಲಭ: 60, 60, 80. ಕಾಯಿಲೆ ಬಂದವರಲ್ಲಿ 60%ಕ್ಕಿಂತ ಹೆಚ್ಚು ಮಂದಿ ಒಂದು ಅಥವಾ ಎರಡನೇ ಹಂತದಲ್ಲೇ ಪತ್ತೆಯಾಗಬೇಕು. ಮೊದಲ ಸಲ ಬಂದ 60 ದಿನದೊಳಗೆ ರೋಗ ನಿರ್ಣಯ ಮುಗೀಬೇಕು. 80% ಮಂದಿ ಹೇಳಿದ ಚಿಕಿತ್ಸೆ ಪೂರ್ತಿ ಮುಗಿಸಬೇಕು. ನಿಮ್ಮ ಜಿಲ್ಲೆಯ ಅಂಕಿ ಎಷ್ಟು ಅಂತ ಕೇಳಿ ನೋಡಿ. ಹೆಚ್ಚಿನ ಕಡೆ ಉತ್ತರ ಸಿಗೋದಿಲ್ಲ. ಎಷ್ಟು ಆಪರೇಷನ್ ಆಯ್ತು ಅಂತ ಎಲ್ಲರೂ ಹೇಳ್ತಾರೆ. ಎಷ್ಟು ಜನ ಚಿಕಿತ್ಸೆ ಮುಗಿಸಿದರು ಅಂತ ಎಣಿಸೋರು ಕಡಿಮೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ದುಡ್ಡು ಕೊಡೋ ಸರಕಾರ ಬಿಲ್ ಜೊತೆ ಈ ಲೆಕ್ಕವನ್ನೂ ಕೇಳಬಹುದಲ್ವಾ?

ಕೇಳಿ, ಸಂಕೋಚ ಬೇಡ

ಕೊನೆಗೆ, ಕೇಳ್ತಿರೋ ನಿಮಗೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದರೆ ಡಾಕ್ಟರ್ ಹತ್ರ ಕೆಲವು ಪ್ರಶ್ನೆ ಕೇಳಿ. ಆಪರೇಷನ್‌ಗೆ ಮೊದಲು ಸೂಜಿ ಬಯಾಪ್ಸಿ ಆಗಿದೆಯಾ? ಇಆರ್, ಪಿಆರ್, ಹರ್-2 ರಿಪೋರ್ಟ್ ಇದೆಯಾ, 2+ ಇದ್ದರೆ ಮುಂದಿನ ಟೆಸ್ಟ್ ಯಾವಾಗ? ಸ್ತನ ಉಳಿಸೋಕೆ ಆಗುತ್ತಾ, ಆಗದಿದ್ದರೆ ಯಾಕೆ? ಒಟ್ಟು ಎಷ್ಟು ಕೀಮೋ, ಯಾವ ದಿನ? ರೇಡಿಯೇಷನ್ ಬೇಕಾ, ಎಲ್ಲಿ? ಮಾತ್ರೆ ಎಷ್ಟು ವರ್ಷ? ಆಪರೇಷನ್ ಆದರೆ, ತೆಗೆದದ್ದು ಎಲ್ಲಿಗೆ ಹೋಯ್ತು, ಯಾರು ಕಳಿಸಿದರು ಅಂತಲೂ ಕೇಳಿ. ಅದನ್ನ ನಿಮ್ಮ ಕೈಗೆ ಕೊಟ್ಟು ಕಳಿಸೋ ಪದ್ಧತಿ ಇದ್ದರೆ, ಡಬ್ಬಿಯಲ್ಲಿ ಇರೋದು ಫಾರ್ಮಲಿನ್ನಾ ಅಂತ ಕೇಳಿ, ಅದೇ ದಿನ ಲ್ಯಾಬಿಗೆ ತಲುಪಿಸಿ.

ಕೇಳಿದರೆ ಡಾಕ್ಟರ್ ಬೇಜಾರು ಮಾಡ್ಕೋತಾರೇನೋ ಅಂತ ಸಂಕೋಚ ಇರುತ್ತೆ. ಒಳ್ಳೆಯ ಡಾಕ್ಟರ್ ಬೇಜಾರು ಮಾಡ್ಕೊಳ್ಳಲ್ಲ. ನಾನು ಮಾಡ್ಕೊಂಡರೂ ಪರವಾಗಿಲ್ಲ, ಕೇಳಿ. ಎಲ್ಲ ಕಾಗದಗಳನ್ನೂ ಒಂದು ಫೈಲಿನಲ್ಲಿ ತಾರೀಕಿನ ಪ್ರಕಾರ ಜೋಡಿಸಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಮೊದಲು ಹೇಳಿದ ಆ ತಾಯಿಗೆ ಏನಾಯ್ತು ಅಂತ ಕೇಳ್ತೀರಿ. ಹೊಸ ಗಂಟಿನಿಂದ ಬಯಾಪ್ಸಿ ಮಾಡಿದೆವು. ಇಆರ್ ಪಾಸಿಟಿವ್ ಬಂತು. ಕೀಮೋ, ಆಪರೇಷನ್, ರೇಡಿಯೇಷನ್ ಎಲ್ಲ ಆಯ್ತು. ಎಂಟು ತಿಂಗಳ ಹಿಂದೆಯೇ ಸರಿಯಾಗಿ ಆಗಿದ್ದರೆ ಬಹುಶಃ ಕಂಕುಳವರೆಗೂ ಹೋಗ್ತಿರಲಿಲ್ಲ. ಈಗ ಮಾತ್ರೆಯ ಮೇಲಿದ್ದಾರೆ, ಆರು ತಿಂಗಳಿಗೊಮ್ಮೆ ತಪ್ಪದೆ ಬರ್ತಾರೆ. ಹೋದ ಸಲ ಬಂದಾಗ ಕೈಯಲ್ಲಿ ಬಟ್ಟೆ ಅಂಗಡಿಯ ಕವರ್ ಇರಲಿಲ್ಲ. ಮಗಳು ಕಾಲೇಜಿಗೆ ಅಂತ ತಂದಿದ್ದ ಫೈಲು ಅಮ್ಮನದಾಗಿತ್ತು. ಪಕ್ಕದ ಮನೆಯ ಹುಡುಗಿಯನ್ನೂ ಕರ್ಕೊಂಡು ಬಂದಿದ್ದರು. 'ಇವಳಿಗೊಂದು ಗಂಟು ಇದೆ ಮೇಡಂ. ಮೊದಲು ಸೂಜಿ ಟೆಸ್ಟ್ ಮಾಡಿಸು ಅಂತ ನಾನೇ ಹೇಳಿ ಕರ್ಕೊಂಡ್ ಬಂದೆ' ಅಂದರು.

ಆ ಹುಡುಗಿಯದು ಸಾದಾ ಗಂಟು, ಕ್ಯಾನ್ಸರ್ ಅಲ್ಲ. ಸೂಜಿಯಲ್ಲೇ ಗೊತ್ತಾಯ್ತು, ಚಾಕು ಬೇಕಾಗಲಿಲ್ಲ.